ಸಂಜೆ ಆರರ ಒಳಗೆ

2014ರ ಜೂನ್ ಎರಡನೆಯ ವಾರದಲ್ಲಿ ಕಣ್ಣಿನ ಡಾಕ್ಟರು ಅಪ್ಪನ ಬಲಗಣ್ಣಿನ ಪೊರೆಯ ಆಪರೇಷನ್ ಮುಂದಕ್ಕೆ ಹಾಕಿದರು. ರಕ್ತದ ಸಕ್ಕರೆ ಇಳಿಯುವವರೆಗೆ ಕಣ್ಣಿಗೆ ಕೈ ಹಚ್ಚುವುದಿಲ್ಲ ಎಂದರು. ಇದು ನಡೆದದ್ದು ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ ಊರಿನಲ್ಲಿ. ಆಗಿನ ಬಸ್ಸಿನ ಬೋರ್ಡುಗಳ ಮೇಲೆ ಔರಂಗಾಬಾದ್ ಎಂದಿತ್ತು. ಆ ವರ್ಷಗಳ ಮಾತಾದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅಪ್ಪನಿಗೆ ಆಗ ಅರವತ್ತೆಂಟು. ಬೀದರ್ ಜಿಲ್ಲೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು ಔರಂಗಾಬಾದಿನ ಹಳೆಯ ಪೇಟೆಯಲ್ಲಿ ಮ್ಯಾಚಿಂಗ್ ಸೆಂಟರ್ ಹಾಕಿದವರು. ಸೀರೆಗೆ ಹೊಂದುವ ರವಿಕೆ ಬಟ್ಟೆ, ಫಾಲು, ಅಸ್ತರು ಮಾರುವ ಅಂಗಡಿ. ಇಂಥ ಅಂಗಡಿಯಲ್ಲಿ ಮಾರುವುದು ಬಟ್ಟೆಯಲ್ಲ, ಬಣ್ಣ. ಗಿರಾಕಿ ಸೀರೆಯ ಸೆರಗನ್ನು ಗಾದಿಯ ಮೇಲೆ ಇಡುತ್ತಾಳೆ. ಅಂಗಡಿಯವನು ಎದ್ದೇಳದೆ, ಹಿಂದಕ್ಕೆ ಕೈ ಚಾಚಿ, ನೂರಾರು ತಾನುಗಳಲ್ಲಿ, ಅಂದರೆ ಬಟ್ಟೆಯ ಸುರುಳಿಗಳಲ್ಲಿ, ಒಂದನ್ನು ಎಳೆಯುತ್ತಾನೆ. ಅದು ಸೆರಗಿನ ಮೇಲೆ ಬಿದ್ದಾಗ ಎಲ್ಲಿ ಸೀರೆ ಮುಗಿದು ಎಲ್ಲಿ ತಾನು ಶುರುವಾಯಿತು ಎಂದು ಗೊತ್ತಾಗಬಾರದು. ಅಪ್ಪ ಆ ಕೆಲಸವನ್ನು ನಲವತ್ತು ವರ್ಷ ಕೂತಲ್ಲಿಂದಲೇ ಮಾಡಿದ್ದರು.

ಪೊರೆ ಬಂದ ಕಣ್ಣಿಗೆ ಎಲ್ಲವೂ ತುಸು ಹಳದಿಯಾಗಿ ಕಾಣುತ್ತದೆ, ನೀಲಿ ಮಂಕಾಗುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು. ಆ ಬೇಸಿಗೆಯಲ್ಲಿ ಗೊತ್ತಿದ್ದದ್ದು ಇಷ್ಟು: ಬಿಳಿ ಕೇಳಿದವರಿಗೆ ಅಪ್ಪ ಶ್ರೀಖಂಡದ ಬಣ್ಣದ ಬಟ್ಟೆ ಹರಿದುಕೊಟ್ಟಿದ್ದರು. ಕಡುನೀಲಿ ಕೇಳಿದವರಿಗೆ ಕಪ್ಪು ಹೋಗಿತ್ತು. ನಾನು ಅಂಗಡಿಯಲ್ಲಿದ್ದ ಒಂದು ದಿನವೇ ಒಬ್ಬ ಹೆಂಗಸು ಪೊಟ್ಟಣ ವಾಪಸ್ ತಂದು ಗಾದಿಯ ಮೇಲಿಟ್ಟಳು. “ಕಾಕಾ, ಹಾ ರಂಗ್ ಜುಳತ್ ನಾಹಿ,” ಅಂದಳು. ಬಣ್ಣ ಹೊಂದುತ್ತಿಲ್ಲ. ಸಿಟ್ಟಿನಿಂದ ಅಂದದ್ದಲ್ಲ. ಸಣ್ಣ ದನಿಯಲ್ಲಿ, ಬೇರೆ ಗಿರಾಕಿಗಳಿಗೆ ಕೇಳಿಸದ ಹಾಗೆ ಅಂದಳು. ಅಪ್ಪನಿಗೆ ನೋವಾದದ್ದು ಆ ಸಣ್ಣ ದನಿಯಿಂದ.

ಪಕ್ಕದ ಮೊಬೈಲ್ ಅಂಗಡಿಯವನು ಆಗಲೇ ಎರಡು ಸಲ ಕೇಳಿದ್ದ, ಜಾಗ ತನಗೆ ಕೊಡುತ್ತೀರಾ ಎಂದು. ದೀಪಾವಳಿ ಆಗಲಿ, ಕಣ್ಣಿನ ಕೆಲಸ ಏನಾಗುತ್ತದೋ ನೋಡಿ ಹೇಳುತ್ತೇನೆ ಎಂದು ಅಪ್ಪ ಉತ್ತರ ಕೊಟ್ಟಿದ್ದರು. ಅವರ ಬಾಯಿಂದ “ನೋಡಿ ಹೇಳ್ತೀನಿ” ಎಂಬ ಮಾತು ಬಂದದ್ದು ನಾನು ಕೇಳಿದ್ದು ಅದೇ ಮೊದಲು. ಹಿಂದೆ ಯಾರು ಕೇಳಿದರೂ “ಮುಂದ ಹೋಗ್ರಿ” ಎನ್ನುತ್ತಿದ್ದರು.

ಸಕ್ಕರೆಯ ಡಾಕ್ಟರು ಬೇರೆ. ಅವರು ಗುಳಿಗೆಗಳನ್ನು ಬದಲಿಸಿ, ಹೊತ್ತುಗಳನ್ನು ಬದಲಿಸಿ, ಚೀಟಿಯ ಹಿಂಬದಿಗೆ ಒಂದು ಗಡಿಯಾರ ಬರೆದುಕೊಟ್ಟರು. ತಿನ್ನುವುದೆಲ್ಲ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ಒಳಗೆ. ಉಳಿದ ಹೊತ್ತಿನಲ್ಲಿ ನೀರು, ಬೇಕಾದರೆ ಹಾಲು ಸಕ್ಕರೆ ಇಲ್ಲದ ಚಹಾ. ಕೊನೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ಬೆವರು ಬಂದು ಕೈಕಾಲು ನಡುಗಿದರೆ ಗಡಿಯಾರ ನೋಡುತ್ತ ಕೂಡಬೇಡಿ, ಮೊದಲು ತಿನ್ನಿ, ಆಮೇಲೆ ನನಗೆ ಫೋನ್ ಮಾಡಿ. ಅಪ್ಪ ಚೀಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ನಾನು ಆಗ ನಾಶಿಕದ ಒಂದು ಪತ್ರಿಕೆಯಲ್ಲಿ ಹಗಲು ಪಾಳಿಯ ಡೆಸ್ಕಿನಲ್ಲಿದ್ದೆ. ಜಿಲ್ಲೆಯ ಸುದ್ದಿ ತಿದ್ದುವ ಕೆಲಸ. ಮಾಲೇಗಾಂವದ ಮಗ್ಗಗಳ ಕರೆಂಟು, ಚಾಂದವಡದ ಉಳ್ಳಾಗಡ್ಡಿ ಹರಾಜು, ಇಂಥವು. ಅಪ್ಪನ ಜೊತೆ ನಾನೂ ಹತ್ತರಿಂದ ಆರು ಹಿಡಿಯುತ್ತೇನೆ ಎಂದು ಹೇಳಿದೆ. ನನಗೆ ಸಕ್ಕರೆ ಇರಲಿಲ್ಲ. ಒಬ್ಬರೇ ಮಾಡುವ ಪಥ್ಯ ಎರಡು ವಾರದ ಮೇಲೆ ನಡೆಯುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಕರಾರು ಹೀಗಾಯಿತು: ದಿನಾ ಸಂಜೆ ಆರೂ ಹತ್ತಕ್ಕೆ ಅಪ್ಪ ಫೋನ್ ಮಾಡಬೇಕು. ಮೊದಲ ತುತ್ತು ಎಷ್ಟಕ್ಕೆ, ಕೊನೆಯ ತುತ್ತು ಎಷ್ಟಕ್ಕೆ, ಏನು ತಿಂದರು. ನಾನು ಬರೆದಿಟ್ಟುಕೊಳ್ಳಬೇಕು. ಮರುದಿನ ಬೆಳಿಗ್ಗೆ ಹಿಂದಿನ ಸಂಜೆಯ ಮೇಲೆ ಒಂದು ಪ್ರಶ್ನೆ: “ಆರರ ನಂತರ ಊಟ ಏನಾದರೂ?”

“ಏನಿಲ್ಲವ್ವಾ,” ಎನ್ನುತ್ತಿದ್ದರು ಅಪ್ಪ. ನಾನು ‘ಇಲ್ಲ’ ಎಂದು ಬರೆಯುತ್ತಿದ್ದೆ.

ನಾಶಿಕದಲ್ಲಿ ಈ ನೇಮ ಹಿಡಿಯುವುದು ಹಸಿವಿನ ಪ್ರಶ್ನೆ ಆಗಿರಲಿಲ್ಲ, ನೆರೆಹೊರೆಯ ಪ್ರಶ್ನೆ ಆಗಿತ್ತು. ಈ ಊರಿನಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಿಸಳ್ ತಿನ್ನುವುದಕ್ಕೆ ಜನ ಕುಟುಂಬ ಸಮೇತ ಸಾಲು ನಿಲ್ಲುತ್ತಾರೆ. ಹತ್ತಕ್ಕೆ ಬರುತ್ತೇನೆ ಎಂದರೆ ಮೇಲೆ ಸುರಿಯುವ ಖಾರದ ಸಾರು, ಕಟ್, ಮುಗಿದಿರುತ್ತದೆ, ಕಟ್ ಇಲ್ಲದ ಮಿಸಳ್ ಬರೀ ಮಡಕೆಕಾಳು. ಆಫೀಸಿನಲ್ಲಿ ಹುಟ್ಟುಹಬ್ಬದ ಕೇಕನ್ನು ಸಂಜೆ ಆರೂವರೆಗೇ ಕತ್ತರಿಸುತ್ತಿದ್ದರು, ಹಗಲಿನವರು ಹೋಗುವ ಮೊದಲು, ಸಂಜೆಯವರು ಬಂದ ಮೇಲೆ. ನಾನು ನನ್ನ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದೆ. ಮರುದಿನ ಹತ್ತಕ್ಕೆ ತಿನ್ನುವಾಗ ಕ್ರೀಮು ಕಾಗದಕ್ಕೆ ಅಂಟಿರುತ್ತಿತ್ತು. ಮೂರು ತಿಂಗಳಲ್ಲಿ ಅಂಥ ಏಳು ತುಂಡು ತಂದೆ. ಎಂಟನೆಯ ಸಲ ಸಹೋದ್ಯೋಗಿಗಳು ಐದೂವರೆಗೆ ಕೇಕ್ ಕತ್ತರಿಸಿದರು. ನನಗಾಗಿ ಎಂದು ಯಾರೂ ಹೇಳಲಿಲ್ಲ.

ನನ್ನ ಗಂಡ ಓಝರದ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞ. ಕಲಬುರಗಿ ಕಡೆಯವರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೋದರೆ ಸಂಜೆ ಬಂದು ಎಂಟಕ್ಕೆ ಊಟ. ಅವರು ಉಣ್ಣುವಾಗ ನಾನು ಎದುರಿಗೆ ಒಂದು ಲೋಟ ಬಿಸಿನೀರು ಹಿಡಿದು ಕೂಡುತ್ತಿದ್ದೆ. ಎಂಟನೆಯ ದಿನ ರೊಟ್ಟಿಯನ್ನು ತಾಟಿಗೆ ಇಟ್ಟರು.

“ಹೀಂಗ ಎದುರಿಗ ಕುಂತು ನೀರ ಕುಡದ್ರ ನನಗ ರೊಟ್ಟಿ ಗಂಟಲದಾಗ ಇಳ್ಯಾಂಗಿಲ್ಲ ನೋಡು,” ಅಂದರು.

“ಏಳ್ಲೇನು?”

“ಏಳಬ್ಯಾಡ. ಪೇಪರ್ ಹಿಡ್ಕೊ. ನೀ ಓದ್ಲತ್ತೀ ಅಂತ ತಿಳ್ಕೋತೀನಿ.”

ಹಾಗಾಗಿ ಆ ವರ್ಷ ನಾನು ದಿನಾ ಎಂಟಕ್ಕೆ, ಬೆಳಿಗ್ಗೆಯೇ ಓದಿ ಮುಗಿಸಿದ ಪೇಪರನ್ನು ಮತ್ತೊಮ್ಮೆ ಓದಿದೆ. ಆರರ ಹಸಿವು ಏಳಕ್ಕೆ ಏರುತ್ತದೆ, ಎಂಟಕ್ಕೆ ಇಳಿಯುತ್ತದೆ, ಒಂಬತ್ತಕ್ಕೆ ನೆನಪಿರುವುದಿಲ್ಲ. ಎರಡನೆಯ ತಿಂಗಳಿಗೆ ಇದು ನನ್ನ ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾಗಿತ್ತು.

ಅಪ್ಪನದು ನನಗಿಂತ ಕಷ್ಟದ ಹಾದಿ ಎಂದುಕೊಂಡಿದ್ದೆ. ಪೇಟೆಯಲ್ಲಿ ಕೂತವರಿಗೆ ಚಹಾ ತಪ್ಪುವುದಿಲ್ಲ. ಸೂರತ್ತಿನ ಏಜೆಂಟ್ ಬಂದರೆ ಚಹಾ, ಟೇಲರ್ ಬಂದರೆ ಚಹಾ, ಎದುರಿನ ಅಂಗಡಿಯವನಿಗೆ ಬೇಜಾರಾದರೆ ಚಹಾ. ಆದರೆ ಅಪ್ಪ ಮೊದಲ ದಿನವೇ ಚಹಾದವನನ್ನು ಕರೆದು, ಹತ್ತರ ಮೊದಲು ಆರರ ನಂತರ ತನ್ನ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದು ಹೇಳಿಬಿಟ್ಟರು. ಬಂದವರಿಗೆ ಚೀಟಿ ತೆಗೆದು ತೋರಿಸುತ್ತಿದ್ದರು. ಸಂಜೆ ಐದೂವರೆಗೆ ಅವ್ವ ಮೇಲಿನ ಮನೆಯಿಂದ ಡಬ್ಬಿ ಇಳಿಸುತ್ತಿದ್ದಳು. ಅಂಗಡಿಯ ಹಿಂದೆ ತಾನುಗಳ ನಡುವೆ ಕೂತು ಎರಡು ರೊಟ್ಟಿ, ಪಲ್ಯ ತಿಂದು ಆರಕ್ಕೆ ಕೈ ತೊಳೆಯುತ್ತಿದ್ದರು. ಆರೂ ಹತ್ತಕ್ಕೆ ಫೋನ್. ಒಂದು ದಿನವೂ ತಪ್ಪಲಿಲ್ಲ.

ಜುಲೈ ಕೊನೆಯಲ್ಲಿ ರಕ್ತ ಪರೀಕ್ಷೆ ಆಯಿತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಜೂನಿನಲ್ಲಿ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇತ್ತು. ಡಾಕ್ಟರು ನೇಮ ಪಾಲಿಸುತ್ತಿದ್ದೀರಾ ಎಂದು ಕೇಳಿದರಂತೆ. ಅಪ್ಪ ಫೋನಿನಲ್ಲಿ ನನಗೆ ಹೇಳಿದರು: “ಮಗಳ ಕಡಿ ಬರದಿಟ್ಟದ್ದದ, ಬೇಕಾದ್ರ ತರಸ್ರಿ ಅಂದೆ.”

ನಾನು ನೋಟ್‌ಬುಕ್ ತೆಗೆದು ನೋಡಿದೆ. ನಲವತ್ತಕ್ಕೂ ಹೆಚ್ಚು ದಿನಗಳು. ಪ್ರತಿ ಸಾಲಿನ ಕೊನೆಗೆ ‘ಇಲ್ಲ’. ಅಪ್ಪ ಸುಳ್ಳು ಹೇಳುವವರಲ್ಲ. ರಕ್ತವೂ ಸುಳ್ಳು ಹೇಳುವುದಿಲ್ಲ. ಎರಡು ನಂಬುವಂಥ ಮೂಲಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಡೆಸ್ಕಿನಲ್ಲಿ ನಾವು ಮಾಡುವುದು ಒಂದೇ ಕೆಲಸ: ಒಬ್ಬರನ್ನು ಜಾಗಕ್ಕೆ ಕಳಿಸುತ್ತೇವೆ.

ನನ್ನ ವಾರದ ರಜೆ ಸೋಮವಾರ. ಅಪ್ಪನ ಅಂಗಡಿಗೂ ಸೋಮವಾರವೇ ರಜೆ. ಆಗಸ್ಟಿನ ಒಂದು ಸೋಮವಾರ, ಶ್ರಾವಣ ನಡೆದಿತ್ತು, ಬೆಳಿಗ್ಗೆ ಬಸ್ ಹಿಡಿದೆ. ಯೇವಲೆ, ವೈಜಾಪುರ ದಾಟಿ ಮಧ್ಯಾಹ್ನ ಒಂದರ ಹೊತ್ತಿಗೆ ಮನೆ ಮುಟ್ಟಿದೆ. ಬರುತ್ತೇನೆಂದು ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ.

ನಮ್ಮ ಕಡೆ ಶ್ರಾವಣ ಸೋಮವಾರ ಹಗಲೆಲ್ಲ ಉಪವಾಸ ಇದ್ದು, ಸಂಜೆ ಪೂಜೆ ಮುಗಿಸಿ ಒಂದೇ ಹೊತ್ತು ಉಣ್ಣುವುದು ರೂಢಿ. ಅಪ್ಪ ಆ ವರ್ಷ ಅದನ್ನೂ ಬಿಟ್ಟು ಮಧ್ಯಾಹ್ನವೇ ಉಂಡರು. “ಡಾಕ್ಟರ್ ಬರದಾರಲ್ಲ, ಶಿವಗೂ ತಿಳೀತದ,” ಅಂದರು. ಐದೂವರೆಗೆ ಇನ್ನೊಂದು ಸಲ, ಅರ್ಧ ಹೊಟ್ಟೆ. ಆರಕ್ಕೆ ಕೈ ತೊಳೆದರು. ಆರೂ ಹತ್ತಕ್ಕೆ, ನಾನು ಎದುರಿಗೇ ಕೂತಿದ್ದರೂ, ಜೇಬಿನಿಂದ ಫೋನ್ ತೆಗೆದು ನನ್ನ ಕಡೆ ತೋರಿಸಿ ನಕ್ಕು ಮತ್ತೆ ಇಟ್ಟರು. ಮೊದಲ ತುತ್ತು ಹತ್ತೂಕಾಲಿಗೆ, ಕೊನೆಯದು ಐದೂ ಐವತ್ತಕ್ಕೆ. ಬರೆದುಕೊಂಡೆ.

ಏಳಕ್ಕೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚಾಪೆಯ ಮೇಲೆ ಲಿಂಗಪೂಜೆಗೆ ಕೂತರು. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಎರಡು ಹೊತ್ತೂ ಪೂಜೆ ಮಾಡುವುದು ಅವರ ಪದ್ಧತಿ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಹಾಗಾಗಿ ನೋಡುವುದನ್ನು ಬಿಟ್ಟಿದ್ದೆ. ಬೆಳಗಿನದು ಹತ್ತರ ತುತ್ತಿನ ಮೊದಲು. ಅಂಗಡಿ ಇದ್ದ ದಿನ ಸಂಜೆಯ ಈ ಪೂಜೆ ಬಾಗಿಲು ಹಾಕಿ ಬಂದ ಮೇಲೆ, ಒಂಬತ್ತರ ಸುಮಾರಿಗೆ. ಅವ್ವ ನೈವೇದ್ಯದ ತಾಟು ತಂದಿಟ್ಟಳು. ಮೊದಲೆಲ್ಲ ಅದರಲ್ಲಿ ಒಂದು ಚಮಚ ಸಕ್ಕರೆ, ಬಾಳೆಹಣ್ಣಿನ ನಾಲ್ಕು ಬಿಲ್ಲೆ ಇರುತ್ತಿದ್ದವು. ಆ ದಿನ ಎರಡು ಇಡೀ ಬಾಳೆಹಣ್ಣು, ಒಂದು ಬಟ್ಟಲು ಸಕ್ಕರೆ ಹಾಕಿದ ಹಾಲು, ಕೊಬ್ಬರಿ, ನಾಲ್ಕು ಉತ್ತತ್ತಿ, ಗೋಧಿಗೆ ಬೆಲ್ಲ ಹಾಕಿ ಮಾಡಿದ ಮಾದಲಿಯ ಒಂದು ಗುಡ್ಡೆ.

ಪೂಜೆ ಮುಗಿಯಿತು. ಅಪ್ಪ ಪಾದೋದಕ ತಗೊಂಡು, ತಾಟನ್ನು ಹತ್ತಿರ ಎಳೆದುಕೊಂಡು, ಸಾವಕಾಶವಾಗಿ ತಿನ್ನತೊಡಗಿದರು. ಹಾಲನ್ನು ಎತ್ತಿ ಕುಡಿದರು. ಮಾದಲಿಗೆ ಬಟ್ಟಲಿನ ತಳದ ಹಾಲು ಕಲಸಿಕೊಂಡರು. ನಾನು ಗೋಡೆಯ ಗಡಿಯಾರ ನೋಡಿದೆ. ಏಳೂ ನಲವತ್ತು.

“ಅಪ್ಪಾ, ಏನ್ ಮಾಡ್ಲತ್ತೀರಿ?”

“ಯಾಕವ್ವಾ?”

“ಆರರ ಮ್ಯಾಲ ಉಣ್ಣಂಗಿಲ್ಲ ಅಂದಿದ್ರಿ.”

ಅಪ್ಪ ನಿಜಕ್ಕೂ ಅರ್ಥವಾಗದೆ ನನ್ನ ಮುಖ ನೋಡಿದರು. “ಇದು ಊಟ ಎಲ್ಲಿ ಆಯ್ತು? ಪ್ರಸಾದ.”

“ದಿನಾ ತಗೋತೀರಿ?”

“ಪೂಜಿ ದಿನಾ ಮಾಡ್ತೀನಿ. ಪ್ರಸಾದ ಬಿಡ್ಲಾಕ ಬರ್ತದೇನು?”

ನಾನು ಅವ್ವನ ಕಡೆ ತಿರುಗಿದೆ. ಅವ್ವ ಸೆರಗಿನಿಂದ ಇಲ್ಲದ ಧೂಳು ಒರೆಸತೊಡಗಿದಳು.

“ಎಷ್ಟಿಡ್ತೀ ಅವ್ವಾ, ದಿನಾ?”

“ಮೊದಲ ಇಡೋವಷ್ಟೇ.”

“ಮೊದಲ ನಾಕ ಬಿಲ್ಲಿ ಇಡ್ತಿದ್ದಿ.”

“ರಾತ್ರಿ ಉಣ್ಣಂಗಿಲ್ಲಲ್ಲ ಅವರು,” ಅಂದಳು ಅವ್ವ. “ಖಾಲಿ ಹೊಟ್ಟಿಲೆ ಮಲಗ್ತಾರ. ನಂಗ ನಿದ್ದಿ ಬರಬೇಕಲ್ಲ? ಶಿವಗ ಎಷ್ಟ ಇಡಬೇಕಂತ ಡಾಕ್ಟರ್ ಚೀಟ್ಯಾಗ ಬರದಿಲ್ಲ.”

ಅಪ್ಪ ತಾಟಿನಲ್ಲಿ ಉಳಿದಿದ್ದ ಕೊನೆಯ ಉತ್ತತ್ತಿಯನ್ನೂ ತಿಂದರು. ಪ್ರಸಾದವನ್ನು ತಾಟಿನಲ್ಲಿ ಉಳಿಸಬಾರದು.

ತಪ್ಪು ಅವರದಲ್ಲ. ನಾನು ಐವತ್ತು ದಿನ ಒಂದೇ ಪ್ರಶ್ನೆ ಕೇಳಿದ್ದೆ: ಊಟ ಏನಾದರೂ? ಬಾಯಿಗೆ ಏನು ಹೋಯಿತು ಎಂದು ಕೇಳಿರಲಿಲ್ಲ. ಹೊಸದಾಗಿ ಸೇರಿದ ವರದಿಗಾರ ಇಂಥ ಪ್ರಶ್ನೆ ಕೇಳಿಕೊಂಡು ಬಂದರೆ ನಾನು ವಾಪಸ್ ಕಳಿಸುತ್ತಿದ್ದೆ. ನೋಟ್‌ಬುಕ್ಕಿನ ಆ ದಿನದ ಪುಟದ ಕೆಳಗೆ ‘ತಿದ್ದುಪಡಿ’ ಎಂದು ಬರೆದು, ಜೂನಿನಿಂದ ಇಲ್ಲಿಯವರೆಗಿನ ಎಲ್ಲ ‘ಇಲ್ಲ’ಗಳನ್ನೂ ‘ಪ್ರಸಾದ, ರಾತ್ರಿ ಒಂಬತ್ತು’ ಎಂದು ಓದಿಕೊಳ್ಳಬೇಕು ಎಂದು ಸೇರಿಸಿದೆ.

ಮರುದಿನ ಮೂವರೂ ಸಕ್ಕರೆ ಡಾಕ್ಟರ ಹತ್ತಿರ ಹೋದೆವು. ಅವರು ನಗಲಿಲ್ಲ. ಪೂಜೆ ಇದೇ ಹೊತ್ತಿಗೆ ಆಗಬೇಕೆಂದು ಇದೆಯಾ ಎಂದು ಕೇಳಿದರು. ಅಪ್ಪ, ಹೊತ್ತಿನ ಕಟ್ಟು ಇಲ್ಲ, ಲಿಂಗ ಮೈಮೇಲೇ ಇರುತ್ತದೆ, ಎಲ್ಲಿ ಕೂತರೂ ಆಗುತ್ತದೆ ಎಂದರು. ಹಾಗಿದ್ದರೆ ಸಂಜೆ ಊಟದ ಮೊದಲು ಮಾಡಿ, ಪ್ರಸಾದ ಊಟದೊಳಗೇ ಬರಲಿ, ಹಣ್ಣು ಅರ್ಧ ಸಾಕು ಎಂದರು ಡಾಕ್ಟರು. ಅಷ್ಟಕ್ಕೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಸ್ನಾನ, ಪೂಜೆ, ಊಟ ಎಲ್ಲ ಸೇರಿದರೆ ಒಂದು ತಾಸಿನ ಮೇಲಾಗುತ್ತದೆ. ಆರಕ್ಕೆ ಮುಗಿಯಬೇಕಾದರೆ ಐದಕ್ಕೆ ಮೇಲೆ ಹೋಗಬೇಕು. ಮ್ಯಾಚಿಂಗ್ ಅಂಗಡಿಗೆ ಐದರಿಂದ ಆರು ಎಂದರೆ ಗಿರಾಕಿಯ ಹೊತ್ತು. ಆಫೀಸು ಬಿಟ್ಟ ಹೆಂಗಸರು, ಶಾಲೆಯಿಂದ ಮಕ್ಕಳನ್ನು ಕರೆತಂದು ಪೇಟೆಗೆ ಇಳಿದವರು, ಎಲ್ಲರೂ ಆಗಲೇ ಬರುವುದು.

“ಅಂಗಡಿ ಮುಚ್ಚಿ ಪೂಜಿ ಮಾಡ್ಲೇನು?” ಅಂದರು ಅಪ್ಪ, ರಿಕ್ಷಾದಲ್ಲಿ.

“ನಾ ಕೂಡ್ತೀನಿ,” ಅಂದಳು ಅವ್ವ.

“ನೀ? ಗಾದಿ ಮ್ಯಾಲ?”

“ಮತ್ತೆಲ್ಲಿ, ಕಪಾಟಿನ ಮ್ಯಾಲ ಕೂಡ್ಲೇನು?”

“ನಿನಗೇನ್ ಗೊತ್ತಾಗ್ತದ ಬಣ್ಣ?”

“ನಿಮಗ ಗೊತ್ತದ, ಕಾಣಂಗಿಲ್ಲ. ನನಗ ಕಾಣ್ತದ, ಗೊತ್ತಿಲ್ಲ. ನೋಡಮು, ಯಾರು ಕೊಟ್ಟದ್ದು ವಾಪಸ್ ಬರ್ತದಂತ.”

ರಿಕ್ಷಾದವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಕನ್ನಡಿಯಲ್ಲಿ ಹಿಂದೆ ನೋಡಿದ.

ಅಪ್ಪ ಮೂರು ದಿನ ಐದಕ್ಕೆ ಗಾದಿ ಬಿಟ್ಟು ಏಳಲಿಲ್ಲ ಎಂದು ಅವ್ವ ಆಮೇಲೆ ಹೇಳಿದಳು. ನಾಲ್ಕನೆಯ ದಿನ, ಶುಕ್ರವಾರ, ಐದಕ್ಕೆ ಎದ್ದು ಮೇಲೆ ಹೋದರು. ಅವ್ವ ಅಡಿಗೆ ಮುಗಿಸಿ, ಕೈ ಒರೆಸಿಕೊಂಡು ಇಳಿದು ಬಂದು ಗಾದಿಯ ತುದಿಯಲ್ಲಿ ಕೂತಳು.

ಅವಳು ಅಪ್ಪನ ಹಾಗೆ ಕೂತಲ್ಲಿಂದ ತಾನು ಎಳೆಯಲಿಲ್ಲ. ಎಳೆಯಲು ಬರುತ್ತಲೂ ಇರಲಿಲ್ಲ. ಗಿರಾಕಿ ಸೀರೆ ಬಿಚ್ಚಿದ ಕೂಡಲೇ ಹತ್ತಿರದ ನಾಲ್ಕೈದು ಬಣ್ಣದ ತಾನುಗಳನ್ನು ಹೆಗಲ ಮೇಲೆ ಹಾಕಿಕೊಂಡು, ಸೀರೆಯನ್ನೂ ಹಿಡಿದು, ಬಾಗಿಲ ಹೊರಗಿನ ಮೆಟ್ಟಿಲಿಗೆ ಹೋಗುತ್ತಿದ್ದಳು. ಹಗಲ ಬೆಳಕಿಗೆ ಒಂದೊಂದನ್ನೇ ಹಿಡಿದು, ಗಿರಾಕಿಯನ್ನೇ ಕೇಳುತ್ತಿದ್ದಳು, ಯಾವುದು ಎಂದು. ಕತ್ತರಿಸುವುದು ಆಮೇಲೆ. ಅಪ್ಪ ನಲವತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕಣ್ಣಿನ ಮೇಲೆ ನಂಬಿಕೆಯಿಟ್ಟು ನಡೆಸಿದ್ದನ್ನು ಅವ್ವ ಸೂರ್ಯನ ಮೇಲೆ ನಂಬಿಕೆಯಿಟ್ಟು ನಡೆಸಿದಳು. ಹೊತ್ತು ಹೆಚ್ಚು ಹಿಡಿಯುತ್ತಿತ್ತು. ಪೊಟ್ಟಣ ವಾಪಸ್ ಬರುತ್ತಿರಲಿಲ್ಲ.

ಆರೂ ಹತ್ತರ ಫೋನ್ ನಿಲ್ಲಲಿಲ್ಲ. ಈಗ ನನ್ನ ಪ್ರಶ್ನೆ ಬದಲಾಗಿತ್ತು. ಅಪ್ಪನ ಉತ್ತರವೂ ಬದಲಾಗಿತ್ತು. “ಐದೂ ಹತ್ತಕ್ಕ ಸ್ನಾನ. ಐದೂ ಮೂವತ್ತಕ್ಕ ಪೂಜಿ ಮುಗೀತು. ಎರಡು ರೊಟ್ಟಿ, ಪುಂಡಿಪಲ್ಯ. ಅರ್ಧ ಹಣ್ಣ. ಹಾಲಿಲ್ಲ. ಐದೂ ಐವತ್ತೈದಕ್ಕ ಕೈ ತೊಳದೀನಿ. ನೀರು ಬಿಟ್ರ ಬಾಯಿಗಿ ಇನ್ನೇನೂ ಹೋಗಂಗಿಲ್ಲ, ಬರಕೊ.” ಬಾಯಿಗೆ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದರು.

ಸೆಪ್ಟೆಂಬರಿನ ಒಂದು ಸಂಜೆ ಆ ಪಟ್ಟಿಯ ಕೊನೆಗೆ ಇನ್ನೊಂದು ಮಾತು ಬಂತು. “ಕೆಳಗ ಯಾರೋ ಕೇಳ್ಲತ್ತಿದ್ರು, ಕಾಕೂ ಆಹೇತ್ ಕಾ ಅಂತ. ಕಾಕಾ ಅಲ್ಲ, ಕಾಕೂ.” ಕಾಕೂ ಇದ್ದಾರಾ ಎಂದು; ಕೇಳಿದ್ದು ಅವ್ವನನ್ನು. ಆಮೇಲೆ ಅಂದರು, “ನಾ ಉಣ್ಣೂತನಕ ಅಂಗಡಿ ಆಕಿದು.” ದೂರು ಹೇಳುವ ದನಿ ಇರಲಿಲ್ಲ. ಸುದ್ದಿ ಹೇಳುವ ದನಿ ಇತ್ತು.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಅಕ್ಟೋಬರಿನಲ್ಲಿ ಇನ್ನಷ್ಟು. ದೀಪಾವಳಿ ಬಂತು. ಅವ್ವ ಕರಿದದ್ದನ್ನೆಲ್ಲ ಹಗಲಿನಲ್ಲೇ ತಾಟಿಗೆ ಹಾಕಿದಳು, ಎಣಿಸಿ. ಪಕ್ಕದ ಮೊಬೈಲ್ ಅಂಗಡಿಯವನು ಫರಾಳದ, ಹಬ್ಬದ ತಿಂಡಿಯ, ಡಬ್ಬಿ ಹಿಡಿದು ಬಂದು, ಮಾತಿನ ನಡುವೆ ಜಾಗದ ವಿಷಯ ಎತ್ತಿದ. ಡಿಸೆಂಬರಿನಲ್ಲಿ ಕಣ್ಣು ಮಾಡಿಸುತ್ತೇನೆ, ಅಲ್ಲಿಯವರೆಗೆ ತಡಿ ಎಂದರು ಅಪ್ಪ.

ನವೆಂಬರ್ ಕೊನೆಯಲ್ಲಿ ಚಾಂದವಡದ ಹೆದ್ದಾರಿಯ ಪಕ್ಕದ ಮಂಗಲ ಕಾರ್ಯಾಲಯದಲ್ಲಿ ಒಂದು ಮದುವೆ. ಹುಡುಗಿಯ ತಂದೆ ಅಪ್ಪನ ಹಳೆಯ ಸ್ನೇಹಿತರು, ಬೀದರ್ ಕಡೆಯವರೇ, ಅಲ್ಲಿ ಉಳ್ಳಾಗಡ್ಡಿ ವ್ಯಾಪಾರ. ಮುಹೂರ್ತ ಸಂಜೆ ಆರೂವರೆಯ ನಂತರ, ಊಟ ಅದರ ನಂತರ. ನಾವು ನಾಶಿಕದಿಂದ ಹೋದೆವು, ಅಪ್ಪ ಅವ್ವ ಔರಂಗಾಬಾದಿನಿಂದ ಬಂದರು. ಐದಕ್ಕೆ ಅಪ್ಪ ಒಂದು ಖೋಲಿ ಕೇಳಿ ಪೂಜೆ ಮುಗಿಸಿ, ನೇರವಾಗಿ ಅಡಿಗೆಯವರ ಹತ್ತಿರ ಹೋದರು. ಅವರು ಹಂಡೆಗಳ ನಡುವೆ ಒಂದು ಕುರ್ಚಿ ಹಾಕಿ, ಒಗ್ಗರಣೆ ಬಿದ್ದ ಕೂಡಲೇ ಮೊದಲ ಸೌಟನ್ನು ಅಪ್ಪನ ತಾಟಿಗೆ ಹಾಕಿದರು. ಉಪ್ಪು ಕಡಿಮೆ ಎಂದು ಅಪ್ಪ ಹೇಳಿದರು. ಅಡಿಗೆಯವರು ಹಂಡೆಗೆ ಉಪ್ಪು ಹಾಕಿದರು.

ಯಾರೋ ಹೋಗಿ ಹುಡುಗಿಯ ತಂದೆಗೆ ಹೇಳಿದರು, ಔರಂಗಾಬಾದಿನ ಸಾವಕಾರರು ಒಬ್ಬರೇ ಹಿಂದೆ ಕೂತು ಉಂಡು ಹೊರಟಿದ್ದಾರೆ ಎಂದು. ಅವರು ಪೇಟಾ ಸರಿಪಡಿಸಿಕೊಳ್ಳುತ್ತ ಓಡಿ ಬಂದರು.

“ಯಾಕ್ರಿ ಸಾವಕಾರ್ರೆ, ಅಕ್ಷತಿ ಬೀಳೋದರ ಮೊದಲೇ ಉಂಡು ಎದ್ರಿ? ನಮ್ಮಿಂದ ಏನ್ ತಪ್ಪಾಗ್ಯಾದ ಹೇಳ್ರಿ. ಯಾರರೆ ಏನರೆ ಅಂದ್ರೇನ್ರಿ?”

“ತಪ್ಪೇನಿಲ್ರಿ,” ಅಂದರು ಅಪ್ಪ. ಕಿಸೆಯಿಂದ ಮಡಚಿದ ಚೀಟಿ ತೆಗೆದು ಗಡಿಯಾರದ ಚಿತ್ರ ತೋರಿಸಿದರು. ಮಡಿಕೆಗಳಲ್ಲಿ ಅದು ಆಗಲೇ ಹರಿಯಲು ಬಂದಿತ್ತು. “ನಾ ಎಲ್ಲೂ ಹೋಗಂಗಿಲ್ಲ. ಅಕ್ಷತಿ ಹಾಕ್ತೀನಿ, ಕಡೀತನಕ ಕೂಡ್ತೀನಿ. ಬಾಯಷ್ಟೇ ಬಂದ್.”

ರಾತ್ರಿ ಊಟದ ಪಂಕ್ತಿಯಲ್ಲಿ ಅಪ್ಪ ಅವ್ವನ ಪಕ್ಕ ನೀರಿನ ಲೋಟ ಹಿಡಿದು ಕೂತರು. ಬಡಿಸುವವರು ಜಿಲೇಬಿ ತಂದು ಅಪ್ಪನ ಮುಂದೆ ನಿಂತರು. ಅವ್ವ ತನ್ನ ತಾಟನ್ನು ಮುಂದೆ ಸರಿಸಿದಳು. “ಅವರ ಪಾಲಿಂದೂ ನನಗೇ ಹಾಕ್ರಿ. ಐದಕ್ಕ ಅವರ ಪಾಲಿನ ಅಂಗಡೀನೂ ನಾನೇ ನೋಡ್ತೀನಿ.” ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ಎಲ್ಲರಿಗಿಂತ ದೊಡ್ಡದಾಗಿ ಅಪ್ಪ ನಕ್ಕರು.

ಡಿಸೆಂಬರ್ ಎರಡನೆಯ ವಾರ ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ತೆಗೆದಾಗ ಅಪ್ಪ ಮೊದಲು ನೋಡಿದ್ದು ನರ್ಸಿನ ಕಾಲರಿನ ಅಂಚು. “ನೀಲಿ,” ಅಂದರು. ಆಮೇಲೆ ಕಿಟಕಿಯ ಪರದೆ ನೋಡಿ, “ಇದು ನೀಲಿ ಅಲ್ಲ, ನವಿಲುಬಣ್ಣ,” ಅಂದರು. ನರ್ಸಿಗೆ ಅರ್ಥವಾಗಲಿಲ್ಲ. ಅವ್ವ ಗೋಡೆಯ ಕಡೆ ತಿರುಗಿ ನಿಂತಳು.

ಡಾಕ್ಟರು ಹೇಳಿದಷ್ಟು ದಿನ ಮನೆಯಲ್ಲಿದ್ದು ಅಪ್ಪ ಅಂಗಡಿಗೆ ಇಳಿದ ದಿನ ನಾನೂ ಇದ್ದೆ. ಗಾದಿಯ ಮೇಲೆ ಕೂಡುವ ಮೊದಲು ಕಪಾಟುಗಳ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎಡಗಣ್ಣು ಮುಚ್ಚಿ ಒಮ್ಮೆ, ಬಲಗಣ್ಣು ಮುಚ್ಚಿ ಒಮ್ಮೆ. ಬಿಳಿಯ ಸಾಲಿನಲ್ಲಿ ಬೆರಳಾಡಿಸಿದರು. ಕಳೆದ ಒಂದು ವರ್ಷ ಅವರೇ ಬಿಳಿಯ ನಡುವೆ ಇಟ್ಟಿದ್ದ ಶ್ರೀಖಂಡಿ, ಬದಾಮಿ ತಾನುಗಳು ಅಲ್ಲಿರಲಿಲ್ಲ. ಅವ್ವ ಅವನ್ನು ಯಾವಾಗಲೋ ಬೇರೆ ಮಾಡಿ ಅವುಗಳ ಜಾಗಕ್ಕೆ ಇಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ.

“ಕಪ್ಪ ಯಾಕ ಬಾಗಲ ಕಡಿ ತಂದಿಟ್ಟೀ?” ಅಂದರು ಅಪ್ಪ ಕೊನೆಗೆ.

“ಬೆಳಕಿಗಿ ಒಯ್ಲಾಕ ಹತ್ರ ಆಗ್ತದ. ಕಪ್ಪು, ಕಡುನೀಲಿ, ಒಳಗ ಗೊತ್ತಾಗಂಗಿಲ್ಲ.”

ಅಪ್ಪ ಒಂದು ಕಪ್ಪು ತಾನು, ಒಂದು ಕಡುನೀಲಿ ತಾನು ತಗೊಂಡು ಮೆಟ್ಟಿಲಿಗೆ ಹೋದರು. ಬೆಳಕಿಗೆ ಹಿಡಿದು ನೋಡಿದರು. ಒಳಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ನೋಡಿದರು. ಮತ್ತೆ ಅದೇ ಜಾಗಕ್ಕೆ, ಬಾಗಿಲ ಕಡೆಯ ಕಪಾಟಿಗೆ, ಇಟ್ಟರು.

ಆ ಸಂಜೆ ಐದಕ್ಕೆ ಅವ್ವ ಇಳಿದು ಬರಲಿಲ್ಲ. ಅಪ್ಪನಿಗೆ ಕಣ್ಣು ಕಾಣತೊಡಗಿತ್ತು, ಇನ್ನು ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದಳು. ಐದೂ ಐದಕ್ಕೆ ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದರು. “ಏ, ಇಳೀತೀ ಇಲ್ಲ? ನನ್ನ ಪೂಜಿಗಿ ಹೊತ್ತಾಗ್ಲತ್ತದ.”

ಮುಂದಿನ ಫೆಬ್ರವರಿಯಲ್ಲಿ ಎಡಗಣ್ಣಿನದೂ ಆಯಿತು. ಮೊಬೈಲ್ ಅಂಗಡಿಯವನು ಚಿಕಲಠಾಣಾ ಕಡೆ ದೊಡ್ಡ ಜಾಗ ಹಿಡಿದು ಹೋದ. ಹೋಗುವಾಗ ಪೇಢೆ ಹಂಚಿದ, ಸಂಜೆ ಏಳಕ್ಕೆ. ಅಪ್ಪ ತಮ್ಮ ಪೇಢೆಯನ್ನು ಕಾಗದದಲ್ಲಿ ಸುತ್ತಿಟ್ಟು ಮರುದಿನ ಹತ್ತಕ್ಕೆ ತಿಂದರು. ಅದೂ ನನ್ನ ನೋಟ್‌ಬುಕ್ಕಿನಲ್ಲಿದೆ. ಡಾಕ್ಟರು ವರ್ಷದ ನಂತರ, ಹಬ್ಬ ಮದುವೆಗೆ ಒಂದು ತಾಸು ಹಿಂದೆ ಮುಂದೆ ಆದರೆ ಪರವಾಗಿಲ್ಲ ಎಂದಿದ್ದಾರೆ. ಅಪ್ಪ ಆ ಒಂದು ತಾಸನ್ನು ಈವರೆಗೆ ಬಳಸಿಲ್ಲ. ನಾನು ನಾಲ್ಕು ಸಲ ಬಳಸಿದ್ದೇನೆ, ಮೂರು ಸಲ ಮಿಸಳಿಗೆ.

2019ರ ಮೇ ಎರಡನೆಯ ಗುರುವಾರ ಸಂಜೆ ಆರೂ ಹತ್ತಕ್ಕೆ ಫೋನ್ ಬಂತು. ಐದೂ ಐವತ್ತಕ್ಕೆ ಊಟ ಮುಗಿದಿತ್ತು: ಒಂದೂವರೆ ರೊಟ್ಟಿ, ಹೀರೇಕಾಯಿ ಪಲ್ಯ, ಮಜ್ಜಿಗೆ, ಅರ್ಧ ಬಾಳೆಹಣ್ಣು. ಅವ್ವನಿಗೆ ಕೊಡಿ ಎಂದೆ. ಲಗ್ನದ ಸೀಸನ್, ಕೆಳಗೆ ಐದು ಮಂದಿ ಗಿರಾಕಿ ಇದ್ದಾರೆ, ಅವ್ವ ತಾನು ಹಿಡಿದುಕೊಂಡು ಮೆಟ್ಟಿಲ ಮೇಲಿದ್ದಾಳೆ, ಈಗ ಬರುವುದಿಲ್ಲ ಎಂದರು ಅಪ್ಪ. ಉಂಡಾಗಿದ್ದರೂ ಅವರು ಆರೂವರೆಯವರೆಗೆ ಕೆಳಗಿಳಿಯಲಿಲ್ಲ; ಅಂಗಡಿ ಅವ್ವನ ಕೈಯಲ್ಲಿತ್ತು.